ಕರೇಮಡ್ಡಿಯ ವಿಮಾನ ಪಾಯಖಾನೆ

ಕರೇಮಡ್ಡಿ ಗ್ರಾಮದಲ್ಲಿ ಒಂದೇ ಒಂದು ಪಾಯಖಾನೆ ಇದ್ದು, ಅದು ವಿಮಾನದ್ದಾಗಿದೆ. ಯರಗುಪ್ಪಿ ಕಡೆಯಿಂದ ಕಪ್ಪು ಮಣ್ಣಿನ ಎರಿಹೊಲಗಳ ನಡುವಿನ ದಾರಿ ಹಿಡಿದು ಬಂದವರು ಇದನ್ನು ನೋಡಿ ತಪ್ಪು ತಿಳಿಯಬಾರದು. ಊರಲ್ಲಿ ಯಾವ ವಿಮಾನವೂ ಇಳಿದಿಲ್ಲ, ಬಿದ್ದೂ ಇಲ್ಲ. ಬಸ್ಸು ಕೂಡ ಡ್ರೈವರನ ಮನಸ್ಸಿದ್ದ ದಿನ ಮಾತ್ರ ಬರುತ್ತದೆ. ಆದರೂ ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ.

ಎಂಬತ್ತಾರನೆಯ ಇಸವಿಯ ಮಾತು. ಹೊಲದಲ್ಲಿ ಜೋಳ ನಿಂತಿರುವ ತನಕ ಊರ ಹೆಣ್ಣುಮಕ್ಕಳಿಗೆ ಮರೆಗೇನೂ ಕೊರತೆಯಿಲ್ಲ. ಕೊಯ್ಲಾದ ಮರುದಿನವೇ ಎರಿಹೊಲ ಅಂಗೈಯಂತೆ ಬೋಳು. ನೀರಿನ ಚರಗಿ ಹಿಡಿದು ಹೊರಟವರು ಬೆಳಕು ಹರಿಯುವುದರೊಳಗೆ ತಿರುಗಿ ಬರಬೇಕು, ಇಲ್ಲವೇ ಸಂಜೆಯ ತನಕ ಹೊಟ್ಟೆ ಹಿಡಿದುಕೊಂಡು ಕೂಡಬೇಕು. ಊರಿನ ರೇವವ್ವ ಎಂಬಾಕೆಯ ನೆರೆಮನೆಯ ತಾಯವ್ವ ತುಂಬಿದ ಬಸುರಿ. ಹೀಗೆ ಅವಸರದಲ್ಲಿ ಓಡಿ ಬರುವಾಗ ಬದುವಿನಲ್ಲಿ ಕಾಲು ಜಾರಿ ಬಿದ್ದಳು. ಹೊಟ್ಟೆಯಲ್ಲಿದ್ದ ಕೂಸು ಉಳಿದದ್ದೇ ಪುಣ್ಯ. ಅವಳನ್ನು ಎತ್ತಿ ಕೂಡಿಸಿದವಳು ರೇವವ್ವ. ಓಣಿಗೊಂದು ಪಾಯಖಾನೆ ಆಗುವ ತನಕ ಬಿಡುವುದಿಲ್ಲವೆಂದು ಆಕೆ ಶಿಶು ಶಿಸ್ತು ಇಲಾಖೆಯ ಈರಬಸಪ್ಪ ಸಾಹೇಬರ ಮುಂದೆ ಹೋಗಿ ನಿಂತಳು.

"ಪಾಯಖಾನಿಗೆ ರೊಕ್ಕ ಇಲ್ಲ ನೋಡವಾ," ಎಂದರು ಸಾಹೇಬರು. "ವಿಮಾನಕ್ಕ ಐತಿ."

ಇದು ನಿಜವಾಗಿತ್ತು. ಆ ವರ್ಷ ಮೇಲಿನ ಕಚೇರಿಯವರು ಯಾವುದೋ ಕೈತಪ್ಪಿನಿಂದ ಇಲಾಖೆಗೆ ವಿಮಾನ ಪ್ರಯಾಣದ ಅನುದಾನ ಕಳಿಸಿದ್ದರು. ಮಾರ್ಚ್ ಮುಗಿಯುವುದರೊಳಗೆ ಯಾರಾದರೂ ಹಾರದಿದ್ದರೆ ಅನುದಾನ ವಾಪಸು ಹೋಗುತ್ತಿತ್ತು. ವಾಪಸು ಹೋದರೆ ಇಲಾಖೆ ಕೆಲಸ ಮಾಡಿಲ್ಲವೆಂದು ಅರ್ಥ. ಆದ್ದರಿಂದ ಆರೋಗ್ಯವಂತ ಕೂಸೊಂದನ್ನು ಬೆಂಗಳೂರಿಗೆ ಹಾರಿಸಿ, ಮಂತ್ರಿಗಳ ಕೈಯಿಂದ ಬೆಳ್ಳಿ ಬಟ್ಟಲು ಕೊಡಿಸುವುದೆಂದು ತೀರ್ಮಾನವಾಗಿತ್ತು. ರೇವವ್ವನ ಬಗಲಲ್ಲಿ ಎರಡು ವರ್ಷದ ಮಗ ಹೊಳೆಪ್ಪ, ಸಾಹೇಬರ ಪೆನ್ನು ಕಡಿಯುತ್ತ ಕೂತಿದ್ದ. ಸಾಹೇಬರು ಅವನ ಗಲ್ಲ ಹಿಂಡಿ ನೋಡಿ ಆಯ್ಕೆ ಪ್ರಕ್ರಿಯೆಯನ್ನು ಮುಗಿಸಿದರು.

"ಇಂವ ಹಾರ್ಲಿ. ಚಡ್ಡಿ ಒಣಗಿದ್ದು ಒಣಗಿದಂಗ ಬೆಂಗಳೂರು ಮುಟ್ಟಿತಂದ್ರ ನಿಮ್ಮ ಓಣಿಗೆ ಪಾಯಖಾನಿ. ಚಡ್ಡಿ ತೊಯ್ತಂದ್ರ ಮುಂದ ನನ್ನ ಕೇಳಬ್ಯಾಡ."

"ಕೂಸು ಅಂದಮ್ಯಾಲೆ ತೊಯ್ಸೂದಲ್ಲೇನ್ರಿ ಸಾಹೇಬ್ರ?"

"ನೆಲದ ಮ್ಯಾಲೆ ತೊಯ್ಸಿದ್ರ ಕೂಸಿನ ಹೆಸರು ಕೆಡತೈತಿ. ಆಕಾಶದಾಗ ತೊಯ್ಸಿದ್ರ ಇಲಾಖೆದು."

ವಾರದೊಳಗೆ ಸುತ್ತೋಲೆ ಹೊರಬಿತ್ತು: 'ವಿಮಾನದಲ್ಲಿ ಪ್ರಯಾಣಿಸುವ ಶಿಶುಗಳು ತಮ್ಮ ಇಚ್ಛೆಯನ್ನು ಮುಂಚಿತವಾಗಿ ಜೊತೆಗಿರುವ ಅಧಿಕಾರಿಗೆ ತಿಳಿಸತಕ್ಕದ್ದು. ಮಾತು ಬಾರದ ಶಿಶುಗಳು ಬರೆದು ತಿಳಿಸಬಹುದು. ಮೋಡದ ಮೇಲಿರುವಾಗ ಅಳುವುದನ್ನು ಇಚ್ಛೆಯೆಂದು ಪರಿಗಣಿಸಲಾಗುವುದಿಲ್ಲ.'

ಆದರೆ ತಾಲೀಮು ಇಲ್ಲದೆ ಶಿಸ್ತು ಬರುವುದಿಲ್ಲ, ವಿಮಾನದ ಪಾಯಖಾನೆ ಇಲ್ಲದೆ ತಾಲೀಮು ಆಗುವುದಿಲ್ಲ. ಹೀಗಾಗಿ ಅದೇ ಅನುದಾನದಲ್ಲಿ ರೇವವ್ವನ ಓಣಿಯ ತುದಿಗೆ ವಿಮಾನದ ಪಾಯಖಾನೆಯ ಮಾದರಿಯೊಂದು ಎದ್ದು ನಿಂತಿತು. ತಗಡಿನ ಗೋಡೆ, ಗುಂಡು ಕಿಟಕಿ, ಒಳಗೆ ಕುರ್ಚಿಯಂಥ ಕಮೋಡು, ಅದಕ್ಕೊಂದು ಸೊಂಟದ ಪಟ್ಟಿ. ಲೆಕ್ಕಪರಿಶೋಧಕರು ಬಂದರೆ ವಿಮಾನವೆಂದು ಗುರುತು ಸಿಗಲಿ ಎಂದು ಎರಡೂ ಬದಿಗೆ ರೆಕ್ಕೆ ಹಚ್ಚಲಾಯಿತು. ಹತ್ತಿರದ ಸಂಶಿಯಿಂದ ಜನ ಚಕ್ಕಡಿ ಕಟ್ಟಿಕೊಂಡು ಬಂದು ನೋಡಿ ಹೋದರು. ಕಾವಲಿಗೆ ಮಾಬುಸಾಬ ನೇಮಕಗೊಂಡ. ಬಾಗಿಲ ಮೇಲೆ 'ವಿಮಾನ ಪ್ರಯಾಣಿಕರಿಗೆ ಮಾತ್ರ' ಎಂಬ ಫಲಕ ತೂಗಿತು. ಅದರ ಮುಂದೆಯೇ ಓಣಿಯ ಹೆಣ್ಣುಮಕ್ಕಳು ಚರಗಿ ಹಿಡಿದು ಹೊಲಕ್ಕೆ ಹೋಗುತ್ತಿದ್ದರು.

ಹೊಳೆಪ್ಪ ಕಮೋಡು ನೋಡಿದ್ದೇ ಕಿಟಾರನೆ ಕಿರುಚಿಕೊಂಡ. ಅವನ ಪದ್ಧತಿ ಬೇರೆ. ಅವ್ವ ನೆಲದ ಮೇಲೆ ಕಾಲು ಚಾಚಿ ಕೂಡಬೇಕು, ತನ್ನನ್ನು ಎರಡು ಪಾದಗಳ ಮೇಲೆ ಕೂಡಿಸಿಕೊಳ್ಳಬೇಕು, ಆಮೇಲೆ "ಶ್ಶ್ಶ್" ಎನ್ನಬೇಕು. ಅಷ್ಟಾದರೆ ತಡವಿಲ್ಲ. ಕಮೋಡಿನ ಮುಂದೆ ಕಾಲು ಚಾಚಲು ಜಾಗವಿರಲಿಲ್ಲ. ಸಾಹೇಬರು ಮೂರು ದಿನ ಕೂತು ನೋಡಿ, ಮೂಲ ಸಮಸ್ಯೆ "ಶ್ಶ್ಶ್" ಎಂಬುದರಲ್ಲಿದೆ ಎಂದು ಕಂಡುಹಿಡಿದರು. ಅದನ್ನು ಯಾರೂ ಅನ್ನದಿದ್ದರೆ ಕೂಸು ಏನನ್ನೂ ಮಾಡುವುದಿಲ್ಲ.

ಅಂದಿನಿಂದ ಓಣಿಯಲ್ಲಿ ಆ ಸಪ್ಪಳ ನಿಷೇಧವಾಯಿತು. ಶಾಲೆಯ ಮಾಸ್ತರರು ಹುಡುಗರನ್ನು ಸುಮ್ಮನಾಗಿಸಲು ಕೈಸನ್ನೆ ಕಲಿತರು. ಚಹಾದಂಗಡಿಯ ಸ್ಟೋವು ಊರಾಚೆ ಹೋಯಿತು. ಹೊಳೆಪ್ಪನೂ ಪಳಗಿದ. ದಿನಕ್ಕೆ ಇಂತಿಷ್ಟು ಸಲ ಅವ್ವ ಒಳಮನೆಯಲ್ಲಿ "ಶ್ಶ್ಶ್" ಎಂದಾಗ ಮಾತ್ರ ಮುಗಿಸಿ, ಉಳಿದ ಹೊತ್ತು ಒಣಗಿಯೇ ಇರತೊಡಗಿದ. 'ಶಿಶುವು ಆದೇಶವಿಲ್ಲದೆ ಏನನ್ನೂ ಮಾಡುವುದಿಲ್ಲ, ಇಲಾಖೆಗೆ ಅಗದಿ ಯೋಗ್ಯನಿದ್ದಾನೆ' ಎಂದು ಸಾಹೇಬರು ವರದಿ ಕಳಿಸಿದರು.

ಹೊರಡುವ ದಿನ ರೇವವ್ವನ ಬಗಲಲ್ಲಿ ಹಳೆ ಬಟ್ಟೆ ಹೊಲಿದ ಕೌದಿ ಕಂಡು ಸಾಹೇಬರು ಮುಖ ಸಿಂಡರಿಸಿದರು.

"ವಿಮಾನದಾಗ ಕೌದಿ ತರ್ತಾರೇನವಾ?"

"ಬುತ್ತಿಗಂಟ್ರಿ ಸಾಹೇಬ್ರ, ರೊಟ್ಟಿ ಸುತ್ತೇನಿ."

ಬೆಳಗಾವಿಯಲ್ಲಿ ವಿಮಾನ ಹತ್ತಿದ ಮೇಲೆ ತಿಳಿದದ್ದೇನೆಂದರೆ, ಅದು ಸಣ್ಣ ವಿಮಾನ, ಅದರಲ್ಲಿ ಪಾಯಖಾನೆಯೇ ಇರಲಿಲ್ಲ. "ಚಲೋ ಆತು, ತಪ್ಪೂದಕ್ಕ ಜಾಗಾನ ಇಲ್ಲ," ಎಂದರು ಸಾಹೇಬರು. ರೇವವ್ವ ಕಿಟಕಿಯ ಕಡೆ ನೋಡಲಿಲ್ಲ. ಕೆಳಗೆ ಊರು ಕಂಡರೂ ಕಂಡೀತು, ಆ ಬೋಳು ಹೊಲ ಕಂಡರೆ ಎದೆ ಒಡೆದೀತು ಎಂದು ಮಗನನ್ನೇ ನೋಡುತ್ತ ಕೂತಳು. ಹೊಳೆಪ್ಪ ಮೊಳಕಾಲು ಮುಚ್ಚುವ ಹೊಸ ಅಂಗಿಯಲ್ಲಿ ಗಂಭೀರವಾಗಿದ್ದ. ಬೆಂಗಳೂರು ಹತ್ತಿರ ಬಂದಾಗ, ಇಳಿಯುವ ಹೊತ್ತಿಗೆ ಕೂಸು ಇಲಾಖೆಯ ವಶದಲ್ಲಿರಬೇಕೆಂದು ಸಾಹೇಬರು ಅವನನ್ನು ತಮ್ಮ ತೊಡೆಯ ಮೇಲೆ ಕೂಡಿಸಿಕೊಂಡರು. ಅವರಿಗೆ ಸೆಕೆಯಾಯಿತು. ಎಲ್ಲರೂ ಮಾಡುವಂತೆ ಕೈ ಎತ್ತಿ ತಲೆಯ ಮೇಲಿನ ಗಾಳಿಯ ತಿರುಪು ತಿರುವಿದರು.

ಮೇಲಿನಿಂದ "ಶ್ಶ್ಶ್ಶ್" ಎಂದು ಆದೇಶ ಬಂತು. ಹೊಳೆಪ್ಪ ಪಾಲಿಸಿದ.

"ಬಂದ್ ಮಾಡ್ರಿ ಸಾಹೇಬ್ರ, ಗಾಳಿ ಬಂದ್ ಮಾಡ್ರಿ," ಎಂದಳು ರೇವವ್ವ. ಗಾಬರಿಯಲ್ಲಿ ಸಾಹೇಬರು ತಿರುಪನ್ನು ಉಲ್ಟಾ ತಿರುವಿದರು. ಸಪ್ಪಳ ಜೋರಾಯಿತು. ಹೊಳೆಪ್ಪನೂ ಹಿಂದೆ ಬೀಳಲಿಲ್ಲ.

"ಹೋತು," ಎಂದರು ಸಾಹೇಬರು. "ನಿಮ್ಮ ಪಾಯಖಾನಿ ಹೋತು ನೋಡವಾ."

ಬದುವಿನಲ್ಲಿ ಬಿದ್ದ ತಾಯವ್ವ ರೇವವ್ವನ ಕಣ್ಣ ಮುಂದೆ ಬಂದಳು. ಆಮೇಲೆ ನೆನಪಾಯಿತು. ಆಕೆ ಬುತ್ತಿಗಂಟು ಬಿಚ್ಚಿ, ರೊಟ್ಟಿಯ ಮೇಲೆ ಮಡಚಿಟ್ಟ ಚಡ್ಡಿ ತೆಗೆದು ಸಾಹೇಬರ ಮುಂದೆ ಹಿಡಿದಳು.

"ಚಡ್ಡಿ ಒಣಗೇ ಐತ್ರಿ. ತೊಯ್ದೀತು ಅಂತ ಅಂಜಿ ವಿಮಾನ ಹತ್ತೂ ಮುಂದ ಬಿಚ್ಚಿ ಇಟ್ಟಿದ್ದೆ."

ಸಾಹೇಬರು ಚಡ್ಡಿ ಮುಟ್ಟಿ ನೋಡಿದರು. ಆಮೇಲೆ ತಮ್ಮ ಪ್ಯಾಂಟು ನೋಡಿಕೊಂಡರು.

"ಮತ್ತ ಇದು?"

"ಅದರ ಮಾತ ಬಂದಿರಲಿಲ್ರಿ," ಎಂದು ರೇವವ್ವ ಕೌದಿ ಬಿಚ್ಚಿ ಅವರ ಸೊಂಟಕ್ಕೆ ಸುತ್ತಿದಳು.

ಸುತ್ತೋಲೆಯಲ್ಲಿ ಅಧಿಕಾರಿಯ ಪ್ಯಾಂಟಿನ ಬಗ್ಗೆ ಒಂದಕ್ಷರವೂ ಇರಲಿಲ್ಲವಾದ್ದರಿಂದ ಅದು ತೊಯ್ದಿಲ್ಲವೆಂದೇ ಪರಿಗಣಿಸಲಾಯಿತು. ಕೌದಿ ಉಟ್ಟು ಇಳಿದ ಸಾಹೇಬರನ್ನು ಕಂಡು ಮಂತ್ರಿಗಳು ಇದು ಇಲಾಖೆಯ ಸಮವಸ್ತ್ರವೇ ಎಂದು ಕೇಳಿದರು. ಸಾಹೇಬರು ಹೌದೆಂದರು. ಮರುವರ್ಷದಿಂದ ಅದು ಕಡ್ಡಾಯವಾಗಿದೆ.

ಸಾಹೇಬರು ಮಾತಿಗೆ ತಪ್ಪಲಿಲ್ಲ. ಮಾದರಿಯನ್ನು ಓಣಿಯ ಹೆಣ್ಣುಮಕ್ಕಳ ಬಳಕೆಗೆ ಬಿಟ್ಟುಕೊಟ್ಟರು. ಆದರೆ ಅದು ವಿಮಾನದ ಅನುದಾನದ್ದು, ಫಲಕ ತೆಗೆಯುವ ಅಧಿಕಾರ ಅವರಿಗಿರಲಿಲ್ಲ. ಒಳಗೆ ಹೋಗುವವರು ವಿಮಾನದ ಟಿಕೇಟು ತೋರಿಸಬೇಕು. ಹೊಳೆಪ್ಪನ ಟಿಕೇಟು ಇಲಾಖೆಯ ಕಡತ ಸೇರಿದ್ದರಿಂದ ಊರಲ್ಲಿ ಟಿಕೇಟು ಇದ್ದದ್ದು ರೇವವ್ವನ ಹತ್ತಿರ ಒಂದೇ. ಆಕೆ ಅದನ್ನು ಆ ದಿನವೇ ತಾಯವ್ವನ ಕೈಗಿಟ್ಟಳು.

ಈಗ ಟಿಕೇಟು ಮುಂಜಾನೆಯಿಂದ ಕೈಯಿಂದ ಕೈಗೆ ತಿರುಗುತ್ತದೆ. ಮಾಬುಸಾಬ ಪ್ರತಿಯೊಬ್ಬರನ್ನೂ ತಡೆದು ಹೆಸರು ಕೇಳುತ್ತಾನೆ. ಪ್ರತಿಯೊಬ್ಬರೂ "ರೇವವ್ವ" ಎನ್ನುತ್ತಾರೆ. ಅವನು ಟಿಕೇಟು ನೋಡಿ, ಹೆಸರು ತಾಳೆಯಾಯಿತೆಂದು ಬಾಗಿಲು ತೆಗೆಯುತ್ತಾನೆ.

ಒಂದು ದಿನ ರೇವವ್ವನೇ ಚರಗಿಯೊಂದನ್ನೇ ಹಿಡಿದು ಬಂದಳು.

"ಟಿಕೇಟ್ರಿ?"

"ನಾನ ರೇವವ್ವ ಅಲ್ಲೇನೋ ಮಾಬುಸಾಬಣ್ಣ."

"ಇವತ್ತ ಹದಿನೇಳು ರೇವವ್ವಾರು ಬಂದು ಹೋದ್ರು ಯಕ್ಕಾ. ಎಲ್ಲಾರ ಹತ್ರಾನೂ ಟಿಕೇಟ್ ಇತ್ತು. ನಿಮ್ಮೊಬ್ಬರ ಹತ್ರನ ಇಲ್ಲ."

ಅವನ ಮಾತು ಅವಳಿಗೂ ಸರಿಯೆನ್ನಿಸಿತು. ಟಿಕೇಟು ಒಳಗಿತ್ತು, ತಾಯವ್ವನ ಹತ್ತಿರ. ರೇವವ್ವ ಚರಗಿ ಕೆಳಗಿಟ್ಟು ರೆಕ್ಕೆಯ ನೆರಳಲ್ಲಿ ಕೂತಳು. ಹೊತ್ತು ಮಾರುದ್ದ ಏರಿತ್ತು, ಎದುರಿಗೆ ಹೊಲ ಬೋಳಾಗಿ ಬಿದ್ದಿತ್ತು, ಆಕೆಗೆ ಯಾವ ಅವಸರವೂ ಇರಲಿಲ್ಲ.