ಕೆಸರು ಬಣ್ಣದ ಸೂಪು

ಅಂಗಿ ಗುಂಡಿಯ ಕಾರ್ಖಾನೆಗೆ ಬಂದಿದ್ದ ಅತಿಥಿಯೊಬ್ಬರು ಕ್ಯಾಂಟೀನಿನ ಹೂಕೋಸಿನ ಸೂಪನ್ನು ನೋಡಿ, "ಇದು ಲೇಬಲ್ ಅಂಟಿಸೋ ಗೋಂದಾ?" ಎಂದು ಕೇಳಿ ಚಮಚ ಕೆಳಗಿಟ್ಟುಬಿಟ್ಟರು. ರುಚಿ ನೋಡಿ ಬೈದಿದ್ದರೆ ಅಡುಗೆಯವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಪಕ್ಕದಲ್ಲೇ ಕುಳಿತಿದ್ದ ಮ್ಯಾನೇಜರರ ಮುಖ ಮಾತ್ರ ಕಪ್ಪಿಟ್ಟಿತು. ಮೂವತ್ತು ವರ್ಷ ಗುಂಡಿಗಳನ್ನು ಕಣ್ಣಲ್ಲಿ ನೋಡಿಯೇ ಪಾಸು ಮಾಡಿದ, ಕಣ್ಣಲ್ಲಿ ನೋಡಿಯೇ ಕಸಕ್ಕೆ ಎಸೆದ ಮನುಷ್ಯ ಆತ. ಮರುದಿನ ಬೆಳಿಗ್ಗೆಯೇ ಅಪ್ಪಣೆ ಹೊರಟಿತು. ಹನ್ನೆರಡು ಗಂಟೆಗೆ ಅಡುಗೆಯವನ ಸೂಪಿಗೂ ಹೊರಗಿನ ಊಟದ ಕಂಪನಿಯ ಸೂಪಿಗೂ ಪೈಪೋಟಿ. ಸೋತರೆ ನಾಳೆಯಿಂದ ಅಡುಗೆಯವನು ಮನೆಯಲ್ಲಿರಬೇಕು.

ಹದಿನೆಂಟು ವರ್ಷ ಒಂದೇ ಒಲೆಯ ಮುಂದೆ ನಿಂತವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬೆಳಿಗ್ಗೆಯೇ ಈರುಳ್ಳಿ ಹುರಿಯಲು ಶುರುಮಾಡಿದ. ಹನ್ನೊಂದಕ್ಕೆ ಸ್ಟೋರಿನವನು ಬಾಗಿಲಲ್ಲಿ ಇಣುಕಿದ.

"ರುಚಿ ಬಿಡಣ್ಣ, ಅದರ ಮಾತೇ ಬೇಡ. ಆದ್ರೆ ಮುಖದಲ್ಲಿ ಕಳೆ ಇಲ್ವಲ್ಲ ಇದಕ್ಕೆ. ಒಂದು ಬೀಟ್‌ರೂಟ್ ರುಬ್ಬಿ ಹಾಕು."

ಅಡುಗೆಯವನು ಹಾಕಿದ. ಸೂಪು ಮಕ್ಕಳ ಫ್ರಾಕಿನ ಗುಲಾಬಿಗೆ ತಿರುಗಿತು. ಸುದ್ದಿ ಕೇಳಿ ಬಣ್ಣದ ವಿಭಾಗದ ಮೇಡಂ ಓಡಿಬಂದರು. ಗುಂಡಿಯ ಬಣ್ಣ ಕೂಡಿಸುವುದರಲ್ಲಿ ಅವರನ್ನು ಮೀರಿಸಿದವರು ಆ ಕಾರ್ಖಾನೆಯಲ್ಲಿ ಇರಲಿಲ್ಲ.

"ಗಾಬರಿಯಾಗ್ಬೇಡಪ್ಪ. ಕೆಂಪು ಜಾಸ್ತಿ ಆದಾಗೆಲ್ಲ ನಾವು ಒಂಚೂರು ಹಸಿರು ಬಿಡ್ತೀವಿ. ತಾನಾಗೇ ತಣಿಯುತ್ತೆ. ಪಾಲಕ್ ಇದೆಯಾ?"

ಪಾಲಕ್ ಇತ್ತು. ಒಂಚೂರು ಸಾಲದೆ ಇನ್ನೊಂಚೂರು ಬಿತ್ತು. ಐದು ನಿಮಿಷದಲ್ಲಿ ಪಾತ್ರೆಯ ತುಂಬ ಅಪ್ಪಟ ಕೆಸರು. ಮೇಡಂ ಸೌಟು ಎತ್ತಿ, ಬೆಳಕಿಗೆ ಹಿಡಿದು, ವಾಪಸು ಇಟ್ಟರು. "ಕೋಟಿನ ಗುಂಡಿಗಾದ್ರೆ ಎ ಒನ್ ಬಣ್ಣ," ಎಂದವರಿಗೆ ತಕ್ಷಣ ಏನೋ ಕೆಲಸ ನೆನಪಾಯಿತು.

ಹೊಸದಾಗಿ ಮಾಡಲು ಹೊತ್ತಿರಲಿಲ್ಲ. ಅಡುಗೆಯವನು ಜೀವ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದ. ಅದ್ಭುತವಾಗಿತ್ತು. ಇಷ್ಟು ವರ್ಷದಲ್ಲಿ ಅವನ ಕೈಯಿಂದ ಇಂಥ ಸೂಪು ಇಳಿದಿರಲಿಲ್ಲ. ಅವನಿಗೆ ಅಳು ಬಂತು, ಏಕೆಂದರೆ ಇದನ್ನು ಯಾರೂ ಬಾಯಿಯ ಹತ್ತಿರಕ್ಕೂ ತರುವುದಿಲ್ಲ.

ಹನ್ನೆರಡಕ್ಕೆ ಸರಿಯಾಗಿ ಕಂಪನಿಯ ಏಜೆಂಟು ಬಂದ. ಬಿಳಿ ಪಿಂಗಾಣಿ ಬಟ್ಟಲು, ಕೆಂಪಗೆ ಹೊಳೆಯುವ ಸೂಪು, ಮೇಲೆ ಸುರುಳಿ ಸುತ್ತಿದ ಕೆನೆ. ಮ್ಯಾನೇಜರು ನೋಡಿದ ಕೂಡಲೇ ತುಟಿ ಸವರಿಕೊಂಡರು. ಅಡುಗೆಯವನು ತನ್ನ ಬಟ್ಟಲನ್ನು ತಟ್ಟೆಯಿಂದ ಮುಚ್ಚಿ ತಂದಿದ್ದ.

"ಸಾರ್, ಒಂದೇ ಒಂದು ಬೇಡಿಕೆ. ಕಣ್ಣಿಗೆ ಬಟ್ಟೆ ಕಟ್ಕೊಂಡು ರುಚಿ ನೋಡಿ. ಸೋತ್ರೆ ತುಟಿ ಪಿಟಕ್ ಅನ್ನದೆ ಹೋಗ್ತೀನಿ."

ಏಜೆಂಟು ಒಪ್ಪಿದ. ಸ್ಟೋರಿನವನು ಮ್ಯಾನೇಜರಿಗೂ, ರುಚಿ ನೋಡಲು ಅವರು ಕರೆಸಿದ್ದ ಮೇಡಂಗೂ ಟವೆಲು ಕಟ್ಟಿ, ಮೊದಲು ಅಡುಗೆಯವನ ಸೂಪನ್ನು, ಆಮೇಲೆ ಕಂಪನಿಯದನ್ನು ಕುಡಿಸಿದ.

"ಎರಡನೇದು ಬರೀ ಬಿಸಿನೀರು," ಎಂದರು ಮ್ಯಾನೇಜರು. "ಮೊದಲನೇದನ್ನ ಇನ್ನೊಂದು ಚಮಚ ಕೊಡಿ."

"ನನಗೂ," ಎಂದರು ಮೇಡಂ.

ಅಡುಗೆಯವನ ಕಣ್ಣು ತುಂಬಿತು. ಟವೆಲು ಬಿಚ್ಚಿದರು. ಮ್ಯಾನೇಜರು ಮೊದಲನೇ ಬಟ್ಟಲಿನೊಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಇದನ್ನ ನಾನು ಕುಡಿದೆನಾ?" ಅವರ ಧ್ವನಿ ಗಟ್ಟಿಯಾಯಿತು. "ಸಾಧ್ಯವೇ ಇಲ್ಲ. ಆ ರುಚಿ ಕಂಪನಿಯ ಸೂಪಿನದೇ. ಕಣ್ಣು ಕಟ್ಟಿಸಿ ಬಟ್ಟಲು ಅದಲು ಬದಲು ಮಾಡಿದ್ದೀಯ ನೀನು. ಬಟ್ಟೆ ಕಟ್ಕೊಳ್ಳಿ ಅಂದಾಗ್ಲೇ ನನಗೆ ಅನುಮಾನ ಬರ್ಬೇಕಿತ್ತು."

"ದೇವರಾಣೆ ಇಲ್ಲ ಸಾರ್."

"ಇಲ್ಲ ಸಾರ್," ಎಂದ ಏಜೆಂಟು. ಪಾಪ, ಒಳ್ಳೆಯವನು. "ನಾನು ನೋಡ್ತಾನೇ ಇದ್ದೆ. ಯಾರೂ ಏನೂ ಮುಟ್ಟಲಿಲ್ಲ. ಗೆದ್ದಿದ್ದು ಅವರದೇ."

ಮ್ಯಾನೇಜರು ಏಜೆಂಟನ ಬೆನ್ನು ತಟ್ಟಿದರು. "ನೋಡಿ, ಇದು ದೊಡ್ಡ ಮನಸ್ಸು ಅಂದ್ರೆ. ಮೋಸ ಮಾಡಿದವನನ್ನೂ ಬಿಟ್ಟುಕೊಡ್ತಾ ಇಲ್ಲ. ಬನ್ನಿ ಆಫೀಸಿಗೆ, ಕರಾರು ಬರೆದುಬಿಡೋಣ."

ಅರ್ಧ ಗಂಟೆಯ ಮೇಲೆ ಏಜೆಂಟು ಕಾಗದ ಹಿಡಿದು ಅಡುಗೆಮನೆಗೆ ಬಂದಾಗ ಅಡುಗೆಯವನು ಸೌಟುಗಳನ್ನು ತೊಳೆದು ಸಾಲಾಗಿ ಜೋಡಿಸಿ, ಏಪ್ರನ್ ಮಡಚುತ್ತಿದ್ದ.

"ಹೋಗ್ಬೇಡಿ ಅಣ್ಣ. ನಾಳೆಯಿಂದ ದಿನಾ ಮೊದಲನೇ ಬಟ್ಟಲಿನ ರುಚಿಯೇ ಬರ್ಬೇಕಂತೆ. ಒಂದು ದಿನ ತಪ್ಪಿದ್ರೂ ಕರಾರು ರದ್ದು. ಅದು ನನ್ನ ಕೈಲಿ ಆಗುತ್ತಾ? ನೀವೇ ಮಾಡಿ. ಇದೇ ಒಲೆ, ಇದೇ ಪಾತ್ರೆ. ಕಂಪನಿ ಹೆಸರು ಮಾತ್ರ ನಂದು."

ಹೆಸರು ಯಾರದಾದರೇನು, ಒಲೆ ಉಳಿಯಿತಲ್ಲ. ಅಡುಗೆಯವನಿಗೆ ಹೋದ ಜೀವ ಬಂದಂತಾಯಿತು. ಏಪ್ರನ್ ಬಿಡಿಸಿ ಮತ್ತೆ ಸೊಂಟಕ್ಕೆ ಕಟ್ಟಿಕೊಂಡ. "ಆ ಷರತ್ತು ಇನ್ನೊಂದ್ಸಲ ಓದಿ ಸ್ವಾಮಿ, ಕಿವಿ ತುಂಬಾ ಕೇಳ್ತೀನಿ," ಎಂದ.

ಏಜೆಂಟು ಖುಷಿಯಿಂದ ಓದಿದ. ಒಂದನೇ ಷರತ್ತು ಮುಗಿಯಿತು. ಪುಟ ತಿರುಗಿಸಿದವನ ಧ್ವನಿ ಇಳಿಯಿತು.

"ಎರಡನೇದೂ ಇದೆ, ನಾನು ನೋಡೇ ಇರ್ಲಿಲ್ಲ. ಬಟ್ಟಲು ಬದಲಾಯಿಸಿದ ಹಳೇ ಅಡುಗೆಯವನು ಈ ಒಲೆಯ ಹತ್ತಿರ ಸುಳಿದದ್ದು ಕಂಡರೂ ಕರಾರು ರದ್ದು."