ಮಾವ ಸುಮ್ಮನೆ ಹೋಲಿಸುವವರಲ್ಲ

ನನ್ನ ಸೋದರಮಾವನಂಥ ವಿಚಿತ್ರ ಮನುಷ್ಯ ಇಡೀ ತುರುವೇಕೆರೆ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಹೀಗೆ ಬರೆದೆನೆಂದು ಅವರಿಗೆ ಗೊತ್ತಾದರೆ ನನ್ನ ಕಥೆ ಮುಗಿಯಿತು! "ತಾಲ್ಲೂಕೆಲ್ಲ ಸುತ್ತಿ ಬಂದ್ಯೇನಮ್ಮ?" ಎಂದು ಕೆಂಪು ಪೆನ್ನು ತೆಗೆಯುತ್ತಾರೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಊರಿನವರ ಇಂಗ್ಲಿಷ್ ಪತ್ರಗಳನ್ನು ತಿದ್ದಿಕೊಡುವವರೂ ಅವರೇ. ಅವರದು ಒಂದೇ ಹಟ: ಇದಕ್ಕಿಂತ ಅದು ಮೇಲು ಎಂದು ಬರೆಯಬೇಕಾದರೆ ಎರಡನ್ನೂ ಸ್ವತಃ ನೋಡಿರಬೇಕು. ಲೋಕವೆಲ್ಲ ಹೋಲಿಕೆಯ ಮೇಲೇ ನಡೆಯುವಾಗ ಇವರೊಬ್ಬರು ಹೇಗೆ ಬದುಕುತ್ತಾರೆ ಎಂಬುದೇ ನನಗೆ ಕುತೂಹಲ.

ಒಮ್ಮೆ ದಂಡಿನಶಿವರದ ಕೊಬ್ಬರಿ ವ್ಯಾಪಾರಿಯೊಬ್ಬರು ದೆಹಲಿಯ ಗಿರಾಕಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದು ತಂದರು. 'ನಮ್ಮ ಕೊಬ್ಬರಿ ಬಿಳಿಗೆರೆಗಿಂತ ಸಿಹಿ' ಎಂದಿತ್ತು.

"ಬಿಳಿಗೆರೇನ ನೆಕ್ಕಿ ನೋಡಿದ್ರೇನ್ರೀ?"

"ಊರನ್ನ ಯಾರು ನೆಕ್ತಾರೆ ಮೇಷ್ಟ್ರೇ? ಅಲ್ಲಿನ ಕೊಬ್ಬರಿಗಿಂತ ಅಂತ."

"ಹಂಗೇ ಬರೀರಿ. ಮೊದ್ಲು ಅಲ್ಲೀದೊಂದು ತಗೊಂಬನ್ನಿ."

ಮಾರನೆಯ ದಿನ ಮಾವ ಜಗಲಿಯಲ್ಲಿ ಕೂತು ಎರಡೂ ಕೊಬ್ಬರಿ ಅಗಿದು ಅಗಿದು, ಕೊನೆಗೆ ತಿದ್ದಿಕೊಟ್ಟದ್ದು: 'ನಮ್ಮ ಕೊಬ್ಬರಿ ಬಿಳಿಗೆರೆಯ ಕೊಬ್ಬರಿಯಷ್ಟೇ ಸಿಹಿ.' ಕೈಮುಗಿದು ಹೋದ ವ್ಯಾಪಾರಿ ಮತ್ತೆ ಈ ಕಡೆ ತಲೆ ಹಾಕಿಲ್ಲ.

ಮನೆಯಲ್ಲಾದರೂ ಬಿಡುತ್ತಾರೆಯೇ? "ಸಾರು ನಿನ್ನೇದಕ್ಕಿಂತ ಚೆನ್ನಾಗೈತಾ?" ಎಂದು ಅತ್ತೆ ಕೇಳಿದರೆ, "ನಿನ್ನೇದು ಒಂಚೂರು ಉಳಿದೈತಾ?" ಎನ್ನುತ್ತಾರೆ. ಅತ್ತೆ ಕೇಳುವುದನ್ನೇ ಬಿಟ್ಟಿದ್ದಾರೆ.

ಕಳೆದ ವರ್ಷ ನನ್ನ ಸರದಿ ಬಂತು. ಊರ ಶಾಲೆಯಲ್ಲಿ ತಾತ್ಕಾಲಿಕವಾಗಿ ಪಾಠ ಮಾಡಿಕೊಂಡಿದ್ದ ನನಗೆ ತಿಪಟೂರಿನ ಶಾಲೆಯೊಂದರ ಕಾಯಂ ಕೆಲಸ ಬೇಕೇಬೇಕಿತ್ತು. ಮೂರು ಕಡೆ ಆಗಲೇ ಬೇಡ ಎನಿಸಿಕೊಂಡಿದ್ದೆ. ಅರ್ಜಿಯಲ್ಲಿ 'ಉಳಿದ ಅಭ್ಯರ್ಥಿಗಳಿಗಿಂತ ನಾನು ಹೆಚ್ಚು ಶ್ರಮಪಡುತ್ತೇನೆ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದೆ.

"ಉಳಿದೋರ್ನ ನೋಡಿದ್ದೀಯೇನಮ್ಮ?"

"ಇಲ್ಲ ಮಾವ."

"ಹೊಡೆದಾಕು."

ಹೊಡೆದು ಹೊಡೆದು ಕೊನೆಗೆ ಉಳಿದದ್ದು ನನ್ನ ಹೆಸರು, ಓದು, ವಿಳಾಸ. ನನಗೆ ಅಳುವೇ ಬಂದುಬಿಟ್ಟಿತು. ಮಾವ ಪೆನ್ನು ಮುಚ್ಚಿಟ್ಟು ಎದ್ದು ಹೋದರು. ವಾರ ಕಳೆದ ಮೇಲೆ ಅಂಟಿಸಿದ ಲಕೋಟೆಯೊಂದನ್ನು ತಂದು, "ಅರ್ಜಿ ಜೊತೆ ಇಡು" ಎಂದರು.

ಸಂದರ್ಶನದಲ್ಲಿ ಮುಖ್ಯೋಪಾಧ್ಯಾಯಿನಿ ಅದನ್ನು ಒಡೆದು ಗಟ್ಟಿಯಾಗಿ ಓದಿದರು. ಇಂಗ್ಲಿಷಿನ ಒಂದೇ ಸಾಲು: 'ಈಕೆ ನನಗಿಂತ ಚೆನ್ನಾಗಿ ಪಾಠ ಮಾಡುತ್ತಾಳೆ.'

ಕೆಲಸ ಸಿಕ್ಕಿತು. ಆದರೆ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಒಂದೇ ಸಂಕಟ. ನನ್ನ ಅಳು ನೋಡಲಾರದೆ ಮಾವ ತಮ್ಮ ಹಟ ಮುರಿದರೇ? ಮನೆಗೆ ಬಂದವಳೇ ಕೇಳಿದೆ: "ನನಗೋಸ್ಕರ ಸುಮ್ನೆ ಬರೆದ್ರಾ ಮಾವ?"

"ಸುಮ್ನೆ ಬರೀತೀನಾ? ನಾಕು ದಿನ ನಿನ್ನ ಕ್ಲಾಸಿನ ಕಿಟಕಿ ಹಿಂದೆ ನಿಂತಿದ್ದೆ ಕಣಮ್ಮ. ನಿನ್ನ ಮಕ್ಳು ನಗ್ತಾ ಕಲೀತಾವೆ. ಮೂವತ್ತು ವರ್ಷ ನನ್ನ ಕ್ಲಾಸಲ್ಲಿ ಒಂದು ಮಗೂನೂ ನಗ್ಲಿಲ್ಲ."