ನನ್ನ ಹೆಬ್ಬಟ್ಟಿನ ಕಿತಾಪತಿ

ನಮ್ಮ ಮನ್ಯಾಗ ನಗೂವಂಥಾದ್ದು ದಿನಾ ಒಂದಿಲ್ಲೊಂದು ಆಗತಿರತೈತಿ. ಅದರಾಗ ಅರ್ಧಾಕ್ಕ ನನ್ನ ಹೆಬ್ಬಟ್ಟ ಕಾರಣ. ನಾ ಸಾಲಿ ಮಾರಿ ಕಂಡಾಕಿ ಅಲ್ಲ. ಈಗೂ ನಾ ಹೇಳಾಕತ್ತೇನಿ, ಎಂಟನೇತ್ತಾ ಕಲಿಯೂ ಮೊಮ್ಮಗಳು ಬರಕೊಳ್ಳಾಕತ್ತಾಳ. ಎಲ್ಲೆ ಸಹಿ ಬೇಕಂದ್ರೂ ನಾ ಹೆಬ್ಬಟ್ಟ ಒತ್ತಾಕಿ, ಬಾಜೂಕ ಸಾಕ್ಷಿ ಅಂತ ನಮ್ಮ ಮನಿಯವ್ರು ಸಹಿ ಮಾಡಾವ್ರು. ಅವ್ರು ಕಲ್ತದ್ದು ನಾಕನೇತ್ತಾ. ಆದ್ರ ಪೆನ್ನ ಹಿಡಿಯೂ ಠೀವಿ ನೋಡಿದ್ರ ವಕೀಲ್ರೂ ಎದ್ದ ನಿಂದ್ರಬೇಕ! ನಾ ಮಾತ್ರ ಒತ್ತಿದ ಕೂಡ್ಲೆ ಬೆರಳ ಸೆರಗಿನ್ಯಾಗ ಮುಚ್ಚಿಕೋತಿದ್ನಿ. ನಾಕ ಮಂದಿ ಮುಂದ ಯಾರರ ಪೆನ್ನ ಕೊಟ್ರ ಎದಿ ಢವಢವ ಅಂತಿತ್ತು. ಹಿಂಥಾಕಿ ಈ ವಯಸ್ಸಿನ್ಯಾಗ ಹೊಸಾ ಹುಚ್ಚ ಹಚ್ಚಿಕೊಂಡ ಕಥಿ ಇದು.

೧. ಫೋಟೋದಾಗಿನ ಗುಡ್ಡ

ಮಗ ಹೊಸಾ ಮೊಬೈಲ್ ತಗೊಂಡು ಹಳೇದು ನನಗ ಕೊಟ್ಟ. ಮೊಮ್ಮಗಳು, "ಆಯಿ, ನೀ ಫೋಟೋ ತಗೀ. ದ್ರಾಕ್ಷಿ ಬಳ್ಳ್ಯಾಗ ಹುಳಾ ಬಿದ್ದದ್ದು ಎಲ್ಲಾರಕಿಂತ ಮೊದ್ಲ ನಿನಗ ಕಾಣತೈತಿ. ನಿನ್ನ ಕಣ್ಣ ಭಾರಿ ಅದಾವ" ಅಂದ್ಲು. ಹಂಗ ಹೊಗಳಿದ್ರ ಸುಮ್ನ ಕುಂದರಾಕ ಆಗತೈತೇನ? ದ್ರಾಕ್ಷಿ ತ್ವಾಟಾ, ಎಮ್ಮಿ, ಸೊಸಿ ರೊಟ್ಟಿ ಬಡಿಯೂದು, ಏನೂ ಬಿಡಲಿಲ್ಲ.

ಸಂಜಿಕೆ ಎಲ್ಲಾರೂ ಕಟ್ಟಿ ಮ್ಯಾಲ ಕುಂತು ನೋಡಿದ್ರು. ಮನಿಯವ್ರು ಚಷ್ಮಾ ಒರಸಿ ಒರಸಿ ನೋಡಿದ್ರು.

"ಭಾರಿ ಬಂದಾವ. ಆದ್ರ ನಮ್ಮ ತ್ವಾಟದ ಮುಂದ ಈ ಕೆಂಪ ಗುಡ್ಡ ಎಲ್ಲಿಂದ ಬಂತು?"

ಇನ್ನೊಂದು ನೋಡಿದ್ರು. "ಎಮ್ಮಿ ಮುಂದೂ ಐತಿ!"

ಮತ್ತೊಂದು. "ಅಲೆಲೆ, ಅಡಗಿ ಮನ್ಯಾಗೂ ಗುಡ್ಡ!"

ಮೊಮ್ಮಗಳು ಹೊಟ್ಟಿ ಹಿಡಕೊಂಡು, "ಅಜ್ಜಾ, ಅದು ಆಯಿ ಹೆಬ್ಬಟ್ಟು!" ಅಂದ್ಲು.

ನಾ ಮೊಬೈಲ್ ಕಸಗೊಂಡ್ನಿ. ಮನಿಯವ್ರು ಸಮಾಧಾನ ಮಾಡಿದ್ರು: "ಇರ್ಲಿ ಬಿಡ. ಗುಡ್ಡಂತೂ ಚಲೋ ಬಂದೈತಿ."

೨. ಎರಡ ತಲಿ ಎಮ್ಮಿ

ಮುಂದಿನ ವಾರ ಮೊಮ್ಮಗಳು ಪೆನ್ಸಿಲ್ಲು, ಚಿತ್ರದ ವಹಿ ತಂದು ಮುಂದಿಟ್ಲು.

"ಒಲ್ಲೆವ್ವಾ. ಬರಿಯೂ ಸಾಮಾನ ನನ್ನ ಕೈಯಾಗ ಕೊಡಬ್ಯಾಡ" ಅಂದ್ನಿ.

"ಬರೀ ಅಂತ ಯಾರಂದ್ರು? ದಿನಾ ಅಂಗಳದಾಗ ರಂಗೋಲಿ ಹಾಕ್ತಿ. ಈ ಹಾಳಿನೂ ಒಂದ ಸಣ್ಣ ಅಂಗಳ ಅಂತ ತಿಳಕೊ."

ತಿಳಕೊಂಡ್ನಿ. ಮೊದ್ಲ ಚುಕ್ಕಿ ಇಟ್ನಿ, ಆಮ್ಯಾಲ ಗೆರಿ ಕೂಡಿಸಿ ನಮ್ಮ ಎಮ್ಮಿ ತಗದ್ನಿ. ರಂಗೋಲಿ ಅಂದ ಮ್ಯಾಲ ಈ ಕಡೆ ಏನೈತಿ ಆ ಕಡೆನೂ ಅದ ಇರಬೇಕಲ್ಲ? ಈ ಕಡೆ ಒಂದ ತಲಿ, ಆ ಕಡೆ ಒಂದ ತಲಿ ಬಂತು.

ಮನಿಯವ್ರು ವಹಿ ಹಿಂದ ಮುಂದ ತಿರುವಿದ್ರು. "ಎಮ್ಮಿ ಖರೇನ ಚಂದ ಐತಿ. ಆದ್ರ ಎರಡೂ ಕಡೆ ಮೇವ ಹಾಕಬೇಕಲ್ಲ!"

ಸೊಸಿ ಹಿಟ್ಟಿನ ಕೈಲೇ ಓಡಿ ಬಂದ್ಲು. "ಹಾಕೂಣ ಬಿಡ್ರಿ ಮಾವಾರ. ಅತ್ತ್ಯಾರ, ನಮಗ ಹಿಂಥಾ ಎಮ್ಮಿನ ಬೇಕ್ರಿ. ಬಾಲಾನ ಇಲ್ಲ, ಶೆಗಣಿ ಬಳಿಯೂದ ತಪ್ಪತೈತಿ!"

೩. ಮರತ ಬಂದ ಔಷಧ

ಅವ್ರು ನಗಾಕತ್ತಾಗ ನಾನೂ ನಕ್ಕಿದ್ನಿ ಖರೆ, ಆದ್ರ ವಹಿ ಒಯ್ದು ಹಾಸಗಿ ಬುಡಕ ಸೇರಿಸಿ ಬಿಟ್ನಿ. ಸಾಲಿ ಕಲೀದಾಕಿಗೆ ಇದೆಲ್ಲಾ ಯಾಕ ಬೇಕಾಗಿತ್ತು ಅನಿಸ್ತು. ಬಾಯಿ ಬಿಟ್ಟ ಯಾರಿಗೂ ಹೇಳಲಿಲ್ಲ. ಆದ್ರೂ ಮನಿಯವ್ರಿಗೆ ಗೊತ್ತಾತು.

ಮರುದಿನ ಮಗ ಅವ್ರನ್ನ ದ್ರಾಕ್ಷಿಗೆ ಹೊಡಿಯೂ ಔಷಧ ತರಾಕ ಅಥಣಿಗೆ ಕಳಿಸಿದ. ಮಧ್ಯಾಹ್ನ ಹೊಳ್ಳಿ ಬಂದ್ರು, ಕೈಯಾಗ ಔಷಧ ಇಲ್ಲ. ಬಣ್ಣದ ಡಬ್ಬಿ ಐತಿ.

"ಅಪ್ಪಾ, ಔಷಧ ಎಲ್ಲೈತಿ?"

"ಮರತೆ. ನಾಳೆ ತರ್ತೇನಿ. ನಿಮ್ಮವ್ವನ ಮನಸ ನಾಳೆ ತನಕಾ ಕಾಯೂದಿಲ್ಲ."

ಮಗ ಸಿಟ್ಟಿಲೇ ಹೊರಗ ಹೋದ. ನಾ ಕುಂಚ ಮುಟ್ಟಲಿಲ್ಲ. ಅದೂ ಪೆನ್ನಿನ ಅಣ್ಣ ತಮ್ಮನ ಅಲ್ಲ? ಆಗ ಮನಿಯವ್ರು, "ಕುಂಚ ಬ್ಯಾಡಂದ್ರ ಬಿಡ. ಇಷ್ಟ ವರ್ಷ ಹೆಬ್ಬಟ್ಟ ಒತ್ತೀದಿ. ಅದರಾಗ ನಿನ್ನ ಬಿಟ್ಟ ಶಾಣ್ಯಾ ಯಾರದಾರ? ಒತ್ತು!" ಅಂದ್ರು.

ನೇರಳೆ ಬಣ್ಣದಾಗ ಹೆಬ್ಬಟ್ಟ ಅದ್ದಿ ಹಾಳಿ ಮ್ಯಾಲ ಒತ್ತಿದ್ನಿ. ಥೇಟ ಕರಿ ದ್ರಾಕ್ಷಿ! ಬಾಜೂಕ ಇನ್ನೊಂದ ಒತ್ತಿದ್ನಿ. ಅದರ ಕೆಳಗ ಮತ್ತೊಂದ. ಜಪಮಣಿ ಎಣಿಸಿಧಂಗ ನೂರಾ ಎಂಟ ಒತ್ತಿ ನಿಂತ್ನಿ, ಯಾಕಂದ್ರ ಅದಕಿಂತ ಮುಂದ ನನಗ ಎಣಿಕಿ ಬರೂದಿಲ್ಲ. ಉಳಿದ ಬೆರಳಿಗೆ ಹಸರ ಹಚ್ಚಿ ಎಲಿ ಮಾಡಿದ್ನಿ.

ಸಂಜಿಕೆ ಮಗ ಬಂದು ಗೊಂಚಲ ನೋಡ್ಕೋತ ನಿಂತ. "ಅವ್ವಾ, ಈ ವರ್ಷ ರೋಗ ಇಲ್ಲದ ಗೊಂಚಲ ಇದೊಂದ ನೋಡ" ಅಂದ.

೪. ಯಾರಿಗೆ ಓಟ ಹಾಕಿದ್ರಿ?

ಬಣ್ಣ ತೊಳದ್ರ ಹೋಗವಲ್ದು. ಮರುದಿನ ಹಂಗ ರೇಷನ್ ಅಂಗಡಿಗೆ ಹೋಗಿ ಮಶೀನ ಮ್ಯಾಲ ಹೆಬ್ಬಟ್ಟ ಇಟ್ನಿ. ಮಶೀನ ಕುಂಯ್ ಅಂತು.

ಅಂಗಡಿಯಾವ ಬೆರಳ ನೋಡಿ ಗಾಬರಿ ಆದ. "ಆಯಿ, ಓಟ ಹಾಕಿ ಬಂದ್ರೇನ್ರಿ? ಇಲೆಕ್ಷನ್ ಐತಿ ಅಂತ ನಮಗ ಯಾರೂ ಹೇಳಲೇ ಇಲ್ಲಲ್ಲ!"

"ಇಲೆಕ್ಷನ್ ಅಲ್ಲೋ ತಮ್ಮಾ, ಇದು ದ್ರಾಕ್ಷಿ."

ಅವ ನನ್ನ ಮಾರಿ ನೋಡಿದ. "ಹೌದ್ರಿ? ಹಂಗಾರ ಬ್ಯಾರೆ ಬೆರಳ ಇಡ್ರಿ."

"ಅವು ಎಲಿ" ಅಂದ್ನಿ.

೫. ಸಾಕ್ಷಿ

ಮೊಮ್ಮಗಳು ನನ್ನ ಗೊಂಚಲ ತನ್ನ ಸಾಲಿ ಅಕ್ಕೋರಿಗೆ ತೋರಿಸಿದ್ಲಂತ. ಅಕ್ಕೋರು ಸಾಲ್ಯಾಗ ಅವ್ವ-ಆಯಿಗಳು ಮಾಡಿದ್ದ ಸಾಮಾನ ಎಲ್ಲಾ ಇಟ್ಟು ಮಂದಿಗೆ ತೋರಸಾವ್ರಿದ್ರು. ನನ್ನ ಗೊಂಚಲನೂ ಬೇಕು, ನಾನೂ ಬರಬೇಕು ಅಂದ್ರು.

"ನಾ ಬರೂದಿಲ್ಲ. ಅಲ್ಲೆ ಸಹಿ ಕೇಳ್ತಾರ" ಅಂದ್ನಿ.

ಮನಿಯವ್ರು ಆಗಲೇ ಇಸ್ತ್ರಿ ಧೋತರ ಉಟ್ಟು, ಪಟಕಾ ಸುತ್ತಿ, ಕಿಸೆದಾಗ ಪೆನ್ನ ಸಿಗಿಸಿ ನಿಂತಿದ್ರು. "ಕೇಳಿದ್ರ ಸಾಕ್ಷಿಗೆ ನಾ ಅದೇನಿ. ನಡಿ."

ಹೋದ್ನಿ. ಗೊಂಚಲ ಮುಂದ ಜಾತ್ರಿ ಕೂಡಿಧಂಗ ಹೆಣಮಕ್ಕಳು ಕೂಡಿದ್ರು. ಒಬ್ಬಾಕಿ ಹಣ್ಣ ಮುಟ್ಟಿ ನೋಡಾಕತ್ತಿದ್ಲು. ಅಷ್ಟರಾಗ ಅಕ್ಕೋರು ಪೆನ್ನ ಚಾಚಿದ್ರು. "ಆಯಿ, ಇಲ್ಲೆ ಕೆಳಗ ಒಂದ ಸಹಿ ಮಾಡ್ರಿ."

ಎಲ್ಲಾರೂ ನನ್ನ ಕಡೆನ ನೋಡಾಕತ್ತಿದ್ರು. ಬೆರಳ ತಾನ ಸೆರಗಿನ್ಯಾಗ ಹೋಗಿ ಮುಚ್ಚಿಕೊಂತು. ಮನಿಯವ್ರನ್ನ ಹುಡುಕಿದ್ನಿ. ಮಂದಿ ಹಿಂದ ನಿಂತು, ಹುಡುಗೂರ ಮಾಡ್ತಾರಲ್ಲ, ಹಂಗ ಹೆಬ್ಬಟ್ಟ ಎತ್ತಿ ತೋರಸಾಕತ್ತಿದ್ರು! ಅದನ್ನ ನೋಡಿ ನನಗ ನಗಿ ತಡೀಲಿಲ್ಲ. ನಗಿ ಬಂದ ಮ್ಯಾಲ ಅಂಜಿಕಿ ಎಲ್ಲಿ ನಿಂದ್ರತೈತಿ?

ಸೆರಗಿನ್ಯಾಗಿಂದ ಹೆಬ್ಬಟ್ಟ ಹೊರಗ ತಗದು ಎಲ್ಲಾರ ಮುಂದ ಹಿಡದ್ನಿ. "ಅಕ್ಕೋರ, ಒಂದ ಸಹಿ ಯಾಕ ಕೇಳ್ತೀರಿ? ಎಣಿಸಿ ನೋಡ್ರಿ, ನೂರಾ ಎಂಟ ಸಹಿ ಮಾಡೇನಿ!"

ಸಾಲಿ ತುಂಬ ನಗಿ. ಅಕ್ಕೋರು ನಕ್ಕೋತ, "ಖರೆ ಆಯಿ. ಆದ್ರ ಒಂದೊಂದ ಹೆಬ್ಬಟ್ಟಿಗೂ ಒಂದೊಂದ ಸಾಕ್ಷಿ ಸಹಿ ಬೇಕಾಗತೈತಲ್ಲ?" ಅಂದ್ರು.

ಅದನ್ನ ಕಾಯಕೋತ ನಿಂತವ್ರಂಗ ಮನಿಯವ್ರು ಪೆನ್ನಿನ ಟೋಪಿಗಿ ತಗದು, ಮಂದಿ ಸರಿಸಿ, ಠೀವಿಲೇ ಬಂದ್ರು. ಗೊಂಚಲ ಮುಂದ ಬಗ್ಗಿ ಒಂದೊಂದ ಹಣ್ಣ ಎಣಸಾಕತ್ತಿದ್ರು. ಇಪ್ಪತ್ತಕ್ಕ ಬೆವರಿದ್ರು. ಮೆಲ್ಲಕ ಪೆನ್ನ ಹೊಳ್ಳಿ ಕಿಸೆದಾಗ ಇಟ್ಟು ಅಂದ್ರು:

"ಅಕ್ಕೋರ, ಇಷ್ಟ ಬರಿಯಾಕ ನಾಕನೇತ್ತಾ ಸಾಲೂದಿಲ್ರಿ!"